ಮುಂದಿನ ಬ್ರೇಕಿಗೇ ಯಾಕೆ ಜಾಸ್ತಿ ಕೆಲಸ?

ಎಲ್ಲರಿಗೂ ನಮಸ್ಕಾರ. ಕಾರು, ಬೈಕು ಇಟ್ಟುಕೊಂಡಿರುವ ಮೈಸೂರು, ಮಂಡ್ಯ ಕಡೆಯ ಕೇಳುಗರಿಗೆ ಇವತ್ತು ಒಂದೇ ಮಾತು ಹೇಳಬೇಕು. ಬ್ರೇಕ್ ಒತ್ತಿದ ಕೂಡಲೇ ಗಾಡಿಯ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಬೇರೇನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ನನ್ನ ಗ್ಯಾರೇಜಿಗೆ ಪಾಂಡವಪುರದ ಕಡೆಯ ಒಬ್ಬ ಯಜಮಾನರು ಬರುತ್ತಾರೆ. ಒಮ್ಮೆ ಬಿಲ್ ಹಿಡಿದುಕೊಂಡು ಜಗಳಕ್ಕೇ ನಿಂತರು. "ಏನ್ ಸ್ವಾಮಿ, ಮುಂದಿನ ಪ್ಯಾಡ್ ಮತ್ತೆ ಹಾಕ್ತಿದ್ದೀರಿ. ಹಿಂದಿನ ಬ್ರೇಕ್ ಶೂ ಇನ್ನೂ ಗಾಡಿ ಜೊತೆ ಬಂದಿದ್ದೇ ಇದೆ. ನಾಲ್ಕು ಚಕ್ರಕ್ಕೂ ಒಂದೇ ಪೆಡಲ್ ಅಲ್ವಾ? ಮುಂದಿನದು ಮಾತ್ರ ಹೆಂಗೆ ಸವೆಯುತ್ತೆ?" ಪ್ಯಾಡ್, ಶೂ ಅಂದರೆ ಬ್ರೇಕ್ ಒತ್ತಿದಾಗ ಉಜ್ಜಿ ಚಕ್ರವನ್ನು ನಿಲ್ಲಿಸುವ, ಸವೆಯುವ ಭಾಗಗಳು. ಬಾಯಲ್ಲಿ ಹೇಳಿದರೆ ನಂಬುವ ಆಸಾಮಿಯಲ್ಲ ಅವರು. ರಿಂಗ್ ರೋಡ್ ಆಚೆ, ಇನ್ನೂ ಮನೆಗಳೇ ಏಳದ ಒಂದು ಬಡಾವಣೆಗೆ ಕರೆದುಕೊಂಡು ಹೋದೆ. ಅವರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ, "ಗಾಡಿ ಮೂತಿ ನೋಡ್ತಾ ಇರಿ" ಅಂದೆ. ವೇಗವಾಗಿ ಬಂದು ಗಟ್ಟಿಯಾಗಿ ಪೆಡಲ್ ತುಳಿದೆ. ಮೂತಿ ನೆಲದ ಕಡೆ ಬಾಗಿತು, ಡಿಕ್ಕಿ ಮೇಲೆದ್ದಿತು. "ಇನ್ನೊಂದ್ಸಲ" ಅಂದರು. ಮತ್ತೆ ಮಾಡಿದೆ. ಆಮೇಲೆ ಬಗ್ಗಿ ಕೂತು ಚಕ್ರದ ಮಟ್ಟದಲ್ಲಿ ನೋಡುತ್ತೇನೆ ಅಂದರು, ಅದೂ ಆಯಿತು. ಎದ್ದು ಪಂಚೆ ಕೊಡವಿಕೊಂಡು, "ಹಂಗಾದ್ರೆ ಹಿಂದಿನ ಬ್ರೇಕ್ ದಂಡ. ಬಿಚ್ಚಾಕಿ, ಖರ್ಚು ಉಳಿಯುತ್ತೆ" ಅಂದರಲ್ಲ!

ಬಿಚ್ಚುವ ಮಾತು ಆಮೇಲೆ. ಮೂತಿ ಬಾಗಿದ್ದು ಯಾಕೆ? ಟೈರು ರಸ್ತೆಯನ್ನು ಹಿಡಿಯುವುದು ನೆಲಮಟ್ಟದಲ್ಲಿ. ಗಾಡಿಯ ಭಾರದ ಕೇಂದ್ರ ಇರುವುದು ಅದಕ್ಕಿಂತ ಸುಮಾರು ಅರ್ಧ ಮೀಟರ್ ಮೇಲೆ. ಕೆಳಗೆ ಹಿಡಿದು ನಿಲ್ಲಿಸಿದರೂ ಮೇಲಿನ ಮೈ ಇನ್ನೂ ಓಡುತ್ತಿರುತ್ತದೆ, ಭಾರ ಮುಂದಕ್ಕೆ ವಾಲುತ್ತದೆ. 1,000 ಕಿಲೋ ಕಾರು ಅಂದುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಸುಮ್ನೆ ನಿಂತಾಗಲೇ ಮುಂದಿನ ಚಕ್ರಗಳ ಮೇಲೆ ಸುಮಾರು 600 ಕಿಲೋ. ಜೋರಾಗಿ ಬ್ರೇಕ್ ಹಾಕಿದರೆ 750 ದಾಟುತ್ತದೆ. ಭಾರ ಇದ್ದ ಕಡೆ ಟೈರಿಗೆ ಹಿಡಿತ, ಹಿಡಿತ ಇದ್ದ ಕಡೆ ಬ್ರೇಕಿಗೆ ಕೆಲಸ. ಅದಕ್ಕೇ ಮುಂದೆ ಜಾಸ್ತಿ ಕೆಲಸ ತಾಳುವ ಡಿಸ್ಕ್ ಬ್ರೇಕ್, ಎಷ್ಟೋ ಸಣ್ಣ ಕಾರುಗಳಲ್ಲಿ ಹಿಂದೆ ಬರೀ ಡ್ರಮ್ ಬ್ರೇಕ್. ಹಗುರಾದ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಟ್ಟರೆ ಅದು ಲಾಕ್ ಆಗಿ ಗಾಡಿ ಗಿರ್ರನೆ ತಿರುಗುತ್ತದೆ. ಹಾಗಂತ ಬಿಚ್ಚುವುದೇ? ಉಳಿದ ಭಾರವನ್ನು ಯಾರು ನಿಲ್ಲಿಸಬೇಕು? ಹ್ಯಾಂಡ್‌ಬ್ರೇಕ್ ಕೂಡ ಸಾಮಾನ್ಯವಾಗಿ ಹಿಂದೆಯೇ ಇರುತ್ತದೆ.

ಇನ್ನು ಬೈಕಿನವರು. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಅಂತ ಹೆದರಿ ಹಿಂದಿನದನ್ನೇ ತುಳಿಯುವವರು ಎಷ್ಟು ಜನ! ಎಷ್ಟು ಸಲ ಹೇಳುವುದು ಅನ್ನಿಸುತ್ತದೆ ನನಗೆ. ಬೈಕಿನಲ್ಲೂ ಭಾರ ಮುಂದಕ್ಕೇ ಬರುವುದು. ಎರಡನ್ನೂ ಒಟ್ಟಿಗೆ ಹಿಡಿಯಿರಿ, ಮುಂದಿನದನ್ನು ಹದವಾಗಿ. 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ, ಇಲ್ಲವೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲೇಬೇಕು ಅಂತ 2019ರಲ್ಲಿ ಸರ್ಕಾರವೇ ಕಡ್ಡಾಯ ಮಾಡಿತು.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಬೇಗ ಹೇಳಿಬಿಡುತ್ತೇನೆ. ಚಾಮುಂಡಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಬೇಡಿ. ಇಳಿಜಾರಿನಲ್ಲಿ ಭಾರ ಮೊದಲೇ ಮುಂದಿರುತ್ತದೆ, ಮುಂದಿನ ಡಿಸ್ಕ್ ಕಾದು ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೂ ಗಾಡಿಯನ್ನು ತಡೆದು ಹಿಡಿಯುತ್ತದೆ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡಿ. ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾದೀತು. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ನಮಸ್ಕಾರ.