ಲೈನ್ ಅಂದ್ರೆ ದಾರ

ಕೇಳುಗರಿಗೆಲ್ಲ ನಮಸ್ಕಾರ. ಇಂಗ್ಲಿಷ್ ಬಗ್ಗೆ ಐದು ನಿಮಿಷ ಮಾತಾಡಿ ಅಂತ ನಮ್ಮ ಹಾಸನ ಆಕಾಶವಾಣಿಯವರು ಕರೆದರು. ಐದು ನಿಮಿಷಕ್ಕೆ ಏನು ಹೇಳೋದು? ಅದಕ್ಕೇ ಒಂದೇ ಪದ ಹಿಡಿದುಕೊಂಡು ಬಂದಿದ್ದೇನೆ. ಲೈನ್.

ಸುಮ್ನೆ ನಗಬೇಡಿ. ಈ ಪದ ದಿನಾ ನಿಮ್ಮ ಬಾಯಲ್ಲೇ ಇದೆ. ಕರೆಂಟ್ ಹೋದರೆ ಲೈನ್‌ಮ್ಯಾನ್ ಬಂದನಾ ಅಂತ ಕೇಳುತ್ತೀರಿ. ರೇಷನ್ ಅಂಗಡಿ ಮುಂದೆ ಉದ್ದ ಲೈನ್ ಇದೆ ಅನ್ನುತ್ತೀರಿ. ಕಾಫಿ ತೋಟದ ಕಡೆ ಲೈನ್ ಅಂದರೆ ಕೆಲಸದವರ ಮನೆ. ಹುಡುಗರು ಲೈನ್ ಹೊಡೆಯೋದು ಬೇರೆ, ಅದನ್ನು ರೇಡಿಯೊದಲ್ಲಿ ವಿವರಿಸೋಕಾಗಲ್ಲ. ಡಿಕ್ಷನರಿ ತೆಗೆದರೆ ಅರ್ಥ ಮುಗಿಯೋದೇ ಇಲ್ಲ. ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ, ಅಯ್ಯೋ! ಮಾಡಬೇಡಿ. ಲೈನ್ ಅಂದ್ರೆ ದಾರ. ಇಷ್ಟು ಹಿಡಿದುಕೊಳ್ಳಿ ಸಾಕು.

ಸಕಲೇಶಪುರದ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಮೇಷ್ಟ್ರಾಗಿದ್ದಾಗಿನ ಮಾತಿದು. 'ಡ್ರಾಪ್ ಮಿ ಎ ಲೈನ್' ಅನ್ನೋದನ್ನು ಕನ್ನಡದಲ್ಲಿ ಬರೆಯಿರಿ ಅಂತ ಟೆಸ್ಟಿನಲ್ಲಿ ಕೊಟ್ಟಿದ್ದೆ. ನನಗೆ ಎರಡು ಸಾಲು ಕಾಗದ ಬರಿ ಅಂತ ಅದರ ಅರ್ಥ. ತೋಟದಿಂದ ಬರುತ್ತಿದ್ದ ಹುಡುಗನೊಬ್ಬ 'ನನ್ನನ್ನು ಲೈನಿಗೆ ಬಿಡಿ' ಅಂತ ಬರೆದ. ಸೊನ್ನೆ ಹಾಕಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿ ನಕ್ಕಿದ್ದೂ ಆಯಿತು. ಹುಡುಗ ಬಿಡಲಿಲ್ಲ. "ಸಾರ್, ದಿನಾ ಸಂಜೆ ಜೀಪಿನ ಡ್ರೈವರಣ್ಣಂಗೆ ಡ್ರಾಪ್ ಕೊಡಿ ಅಂತೀನಿ, ಅವ್ರು ಲೈನಿಗೇ ಬಿಡ್ತಾರೆ. ತಪ್ಪೇನು ಸಾರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗದರಿಸಿ ಕೂರಿಸಿದೆ.

ಮನಸ್ಸು ತಡೀಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಅದೇ ಜೀಪಿನಲ್ಲಿ ಅವನ ಜೊತೆ ಹೋದೆ. ಹೂಮಳೆ ಬಿದ್ದು ವಾರವಾಗಿತ್ತು, ತೋಟವೆಲ್ಲ ಬೆಳ್ಳಗೆ ಅರಳಿ ಘಮ್ ಅನ್ನುತ್ತಿತ್ತು. ಒಂದು ಕಡೆ ಹೊಸ ಗಿಡ ಹಾಕೋದಕ್ಕೆ ಮೇಸ್ತ್ರಿ ಹಗ್ಗ ಎಳೆಸಿ, ಅದರ ಗುರುತಿಗೆ ಸರಿಯಾಗಿ ಗೂಟ ಹೊಡೆಸುತ್ತಿದ್ದ. ಹಗ್ಗದ ತುದಿ ಹಿಡಿದು ನಿಂತಿದ್ದವನು ಈ ಹುಡುಗನ ಅಪ್ಪ. ಅದರಾಚೆ ಲೈನ್ ಮನೆಗಳು, ಗೋಡೆಗೆ ಗೋಡೆ ಅಂಟಿಕೊಂಡು, ಅವನ್ನೂ ಯಾರೋ ಹಗ್ಗ ಹಿಡಿದೇ ಕಟ್ಟಿರಬೇಕು ಅನ್ನೋ ಹಾಗೆ. ಅಲ್ಲಿ ಹೊಳೆಯಿತು ನೋಡಿ ನನಗೆ.

ಲ್ಯಾಟಿನ್ ಭಾಷೆಯಲ್ಲಿ ಲೀನಿಯ ಅಂದರೆ ನಾರಿನ ದಾರ. ನಮ್ಮ ಅಗಸೆ ಗಿಡಕ್ಕೆ ಅವರು ಲೀನುಮ್ ಅನ್ನುತ್ತಾರೆ, ಲಿನನ್ ಬಟ್ಟೆಯ ಹೆಸರೂ ಅಲ್ಲಿಂದಲೇ. ಗಾರೆಯವರು ಇವತ್ತಿಗೂ ಲೈನ್ ದಾರ ಅಂತಾರೆ, ಅಲ್ವಾ? ಅವರಿಗೆ ಗೊತ್ತು, ನಮ್ಮಂಥ ಓದಿದವರಿಗೇ ಗೊತ್ತಿಲ್ಲ. ದಾರ ಬಿಗಿಯಾಗಿ ಎಳೆದರೆ ಗೆರೆ. ಅದರ ಉದ್ದಕ್ಕೂ ಜನ ನಿಂತರೂ ಸಾಲು, ಮನೆ ನಿಂತರೂ ಸಾಲು, ಅಕ್ಷರ ನಿಂತರೂ ಸಾಲು. ಎರಡು ತುದಿ ಕೂಡಿಸಿದರೆ ಫೋನು, ಕರೆಂಟು, ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲ್ವೆ ಲೈನ್ 57 ಸುರಂಗ ಹೊಕ್ಕು ಹೊರಬರುತ್ತದೆ. ದಾರ ಪೋಣಿಸಿದ ಹಾಗೇ ತಾನೆ!

ಯಾವಾಗ ಯಾವ ಅರ್ಥ? ಪಕ್ಕದ ಪದ ನೋಡಿ. 'ಡ್ರಾಪ್ ಮಿ ಅಟ್ ದಿ ಲೈನ್' ಅಂತ ಇದ್ದಿದ್ದರೆ ಹುಡುಗ ಹೇಳಿದ್ದೇ ಸರಿ. ಅಲ್ಲಿದ್ದದ್ದು ಬರೀ 'ಎ'. ಬೀಳಬೇಕಾದ್ದು ಒಂದು ಸಾಲು, ಹುಡುಗನಲ್ಲ. ಫೋನಿನಲ್ಲಿ 'ಹೋಲ್ಡ್ ದಿ ಲೈನ್' ಅಂದರೆ ಇಟ್ಟುಬಿಡಬೇಡಿ, ಕಾಯಿರಿ. 'ಸ್ಟ್ಯಾಂಡ್ ಇನ್ ಲೈನ್' ಅಮೆರಿಕದವರ ಮಾತು, ಇಂಗ್ಲೆಂಡಿನವರು ಕ್ಯೂ ಅನ್ನುತ್ತಾರೆ.

ಗಾಜಿನಾಚೆ ಆಗಲೇ ಕೈ ತೋರಿಸುತ್ತಿದ್ದಾರೆ. ಡೆಡ್‌ಲೈನ್ ಒಂದು ಹೇಳಿಬಿಡುತ್ತೇನೆ ತಡೆಯಿರಿ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನುವ ಕಡೆ ಸೆರೆಯಾಳುಗಳನ್ನು ಇಟ್ಟಿದ್ದರು. ಸುತ್ತುಗೋಡೆಯ ಒಳಗೆ ಒಂದು ಗಡಿ, ದಾಟಿದರೆ ಗುಂಡು. ಅದೇ ಡೆಡ್‌ಲೈನ್. ಪತ್ರಿಕೆಯವರು ಅದನ್ನು ಗಡುವು ಮಾಡಿಕೊಂಡದ್ದು ಆಮೇಲೆ.

ಆ ಸೊನ್ನೆ ಅಳಿಸಿ ಅರ್ಧ ಮಾರ್ಕ್ಸ್ ಕೊಟ್ಟೆ. ಒಂದು ಕೊಡಬೇಕಿತ್ತು ಅಂತ ಅವನು ಈಗಲೂ ಸಿಕ್ಕಾಗೆಲ್ಲ ಜಗಳಕ್ಕೆ ಬರುತ್ತಾನೆ. ಸರಿ, ಟೈಮಾಯಿತಂತೆ. ನಮಸ್ಕಾರ.