ಬುಧ ಬರುವುದು ಶನಿವಾರ: ಮುಲುಂಡ್ ಟೆರೇಸಿನಲ್ಲೊಂದು ತಾಲೀಮು

ನಮಸ್ಕಾರ. ಚಿತ್ರ ಅಲುಗಾಡುತ್ತಿದೆ, ಗೊತ್ತು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಅಕ್ಕಿ ಸಂಡಿಗೆಯ ಪರಾತ. ಸೂರ್ಯನನ್ನು ನೋಡಲು ಹೊರಟವಳಿಗೆ ಸಂಡಿಗೆ ಏಕೆ ಎಂಬುದನ್ನು ಮೇಲೆ ಹೋದ ಮೇಲೆ ಹೇಳುತ್ತೇನೆ. ನಮ್ಮದು ಮುಂಬೈಯ ಮುಲುಂಡಿನಲ್ಲಿ ನಾಲ್ಕು ಮಹಡಿಯ ಹಳೆಯ ಕಟ್ಟಡ, ಲಿಫ್ಟ್ ಇಲ್ಲ, ಮಾತನಾಡುತ್ತಾ ಹತ್ತುವಷ್ಟು ಉಸಿರು ನನಗಿಲ್ಲ.

ಬಂದೆವು. ಇಂದು ನವೆಂಬರ್ 13. ಆಕಾಶದಲ್ಲಿ ಇಂದು ಏನೂ ವಿಶೇಷವಿಲ್ಲ, ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನೋಡಿ ಆಮೇಲೆ ಬೈಯಬೇಡಿ. ವಿಶೇಷ ಇರುವುದು 2032ರ ನವೆಂಬರ್ 13ರಂದು. ಅಂದು ಬುಧಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆ, ಇದಕ್ಕೇ ಸಂಕ್ರಮಣ ಎನ್ನುವುದು. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 11 ನಿಮಿಷದ ಆಸುಪಾಸಿಗೆ ಶುರು, ಸಂಜೆ 4 ಗಂಟೆ 37ರ ಆಸುಪಾಸಿಗೆ ಮುಕ್ತಾಯ. ಮುಂಬೈಗೆ ಆರಂಭದಿಂದ ಕೊನೆಯವರೆಗೆ ಪೂರ್ತಿ ಕಾಣಬೇಕು. ಅದರ ತಾಲೀಮು ಇದು. ನನ್ನದಲ್ಲ ಈ ಉಪಾಯ, ಕಾಕಾ ಅವರದು. ಪ್ರತಿ ವರ್ಷ ಅದೇ ತಾರೀಖಿನಂದು ಅದೇ ಗಂಟೆಗೆ ಸೂರ್ಯ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇರುತ್ತಾನಲ್ಲ, ಹಾಗಾದರೆ ನಮ್ಮ ಟೆರೇಸಿನಿಂದ ಅಂದು ಏನು ಕಾಣುತ್ತದೆ, ಏನು ಅಡ್ಡ ಬರುತ್ತದೆ ಎಂಬುದನ್ನು ಇಂದೇ ನೋಡಿಬಿಡಬಹುದು ಎಂದು ಹೇಳಿದರು. ಮದುವೆಗೆ ಮುಂಚೆ ಮಂಗಲ ಕಾರ್ಯಾಲಯ ನೋಡಿ ಬರುವುದಿಲ್ಲವೇ, ಹಾಗೆ.

ಅಂದ ಹಾಗೆ 2032ರ ಆ ದಿನ ಶನಿವಾರ. ಬುಧ ಬರುವುದು ಶನಿವಾರ. ಕಾಕಾ ಈ ಮಾತನ್ನು ಬೆಳಗಿನಿಂದ ಆರು ಸಲ ಹೇಳಿ ಆರು ಸಲವೂ ತಾವೇ ನಕ್ಕಿದ್ದಾರೆ.

ಈಗ ಸಂಡಿಗೆಯ ವಿಷಯ. ನಮ್ಮ ಸೊಸೈಟಿಯಲ್ಲಿ ಟೆರೇಸಿನ ಕೀಲಿ ಸೆಕ್ರೆಟರಿ ಸಾಹೇಬರ ಬಳಿ ಇರುತ್ತದೆ. ನಿನ್ನೆ ಸಂಜೆ ಕೇಳಲು ಹೋದೆ. ಏಕೆ ಬೇಕು ಎಂದರು. ಸೂರ್ಯನನ್ನು ನೋಡಲು ಎಂದೆ. ಎಷ್ಟು ಜನ ಎಂದರು. ಕಾಕಾ, ಕಾಕು, ನಾನು, ಅಣ್ಣನ ಮಗಳು, ನಾಲ್ವರು ಎಂದೆ. ಕ್ಯಾಮೆರಾ ಇದೆಯೇ ಎಂದರು. ಇದೆ ಎಂದೆ, ಅಲ್ಲಿಯೇ ಕೆಟ್ಟಿತು. ಕ್ಯಾಮೆರಾ ಇದ್ದರೆ ಅದು ಕಾರ್ಯಕ್ರಮ, ಕಾರ್ಯಕ್ರಮಕ್ಕೆ ಸಾವಿರದ ಐದುನೂರು ರೂಪಾಯಿ, ಮೇಲೆ ಐದುನೂರು ಡಿಪಾಜಿಟ್. ನನ್ನ ಮೊಬೈಲನ್ನೇ ತೋರಿಸಿ, ಇದೇ ಕ್ಯಾಮೆರಾ ಸಾಹೇಬರೇ, ಇದು ನಿಮ್ಮ ಬಳಿಯೂ ಇದೆಯಲ್ಲ ಎಂದೆ. ನಾನು ಅದನ್ನು ಟೆರೇಸಿಗೆ ಒಯ್ಯುವುದಿಲ್ಲ ಎಂದರು. ಏನು ಉತ್ತರ ಕೊಡುವುದು ಹೇಳಿ.

ದರಪಟ್ಟಿ ಇದೆಯಂತೆ, ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ, ತೆಗೆದು ಓದಿಸಿದರು. ಹುಟ್ಟುಹಬ್ಬಕ್ಕೆ ಇಷ್ಟು, ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಇಷ್ಟು, ಸತ್ಯನಾರಾಯಣ ಪೂಜೆಗೆ ಅರ್ಧ ದರ. ಗ್ರಹ ಸಂಕ್ರಮಣ ಎಂಬ ಸಾಲು ಇರಲಿಲ್ಲ, ಇಲ್ಲದ್ದೆಲ್ಲ ಕಾರ್ಯಕ್ರಮದ ಲೆಕ್ಕಕ್ಕೆ ಬರುತ್ತದಂತೆ. ಇದು ಸಂಕ್ರಮಣವೂ ಅಲ್ಲ, ಸಂಕ್ರಮಣದ ತಾಲೀಮು, ಅರ್ಧ ದರ ಮಾಡಿ ಎಂದು ಕೇಳಿದೆ. ಅವರು ನಗಲಿಲ್ಲ. ಸಾವಿರದ ಐದುನೂರು ರೂಪಾಯಿ! ಸೂರ್ಯನಿಗೆ! ನಾವು ತಿಂಗಳು ತಿಂಗಳು ಕೊಡುವ ಮೆಂಟೆನೆನ್ಸ್ ಹಣದಲ್ಲಿ ಈ ಟೆರೇಸಿನ ಡಾಂಬರೂ ಸೇರಿದೆ, ಎರಡು ವರ್ಷದ ಹಿಂದೆ ಸೋರಿಕೆಗೆಂದು ಪ್ರತ್ಯೇಕ ವಂತಿಗೆ ಬೇರೆ ಎತ್ತಿದ್ದರು. ರಾತ್ರಿ ಊಟಕ್ಕೆ ಕುಳಿತಾಗಲೂ ನನಗೆ ಅದೇ ಉರಿ.

ಆಗ ಕಾಕು, ರೊಟ್ಟಿ ಬಡಿಯುತ್ತಲೇ, ಪಟ್ಟಿಯ ಕೊನೆಯ ಸಾಲು ಓದಿದೆಯೇನು ಎಂದು ಕೇಳಿದರು. ಓದಿರಲಿಲ್ಲ. ಕೊನೆಯ ಸಾಲು: ಹಪ್ಪಳ, ಸಂಡಿಗೆ, ಕಾಳುಕಡಿ ಒಣಗಿಸಲು ಉಚಿತ, ಕೀಲಿಯನ್ನು ಸಂಜೆ ಐದರೊಳಗೆ ಮರಳಿಸತಕ್ಕದ್ದು.

ಆದ್ದರಿಂದ ಈ ಪರಾತ. ನವೆಂಬರ್‌ನಲ್ಲಿ ಸಂಡಿಗೆ ಯಾರೂ ಇಡುವುದಿಲ್ಲ, ಸೆಕ್ರೆಟರಿಗೂ ಗೊತ್ತು, ಅವರ ಮನೆಯವರಿಗಂತೂ ಚೆನ್ನಾಗಿ ಗೊತ್ತು. ಆದರೆ ಪಟ್ಟಿಯಲ್ಲಿ ತಿಂಗಳು ಬರೆದಿಲ್ಲ.

ಸರಿ, ಸರಿ, ಕೆಲಸಕ್ಕೆ ಬರೋಣ, ಹನ್ನೆರಡು ದಾಟಿತು.

ಈಗ ಕಾಣುತ್ತಿರುವುದು ಕಾಕಾ ಅವರ ದುರ್ಬೀನು. ಸ್ಟ್ಯಾಂಡಿಗೆ ಬಿಗಿದದ್ದು, ಒಂದು ಕಣ್ಣಿಗೆ ಮುಚ್ಚಳ ಹಾಕಿದ್ದು ಎಲ್ಲ ನೋಡಿದಿರಿ. ಒಂದು ಮಾತು ಮಾತ್ರ ಬಾಯಿಬಿಟ್ಟು ಹೇಳಲೇಬೇಕು: ಇದರೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡಬಾರದು, ಒಂದು ಕ್ಷಣಕ್ಕೂ ಬೇಡ, ಕಣ್ಣು ಹೋಗುತ್ತದೆ. ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿಕೊಂಡು ಹಾಳೆಯನ್ನು ನೋಡುವುದು. ಅಗೋ ಬಂತು. ಅಂಚಿನ ಬಳಿ ಮಸುಕಾಗಿ ಎರಡು ಚುಕ್ಕೆ ಇವೆಯಲ್ಲ, ಅವು ಸೂರ್ಯನ ಕಲೆಗಳು. ಕಲೆಯ ಸುತ್ತ ಬೂದು ಬಣ್ಣದ ಅಂಚಿರುತ್ತದೆ, ಅದು ಸೂರ್ಯನ ಜೊತೆಗೇ ನಿಧಾನವಾಗಿ ತಿರುಗುತ್ತದೆ, ಒಂದು ಸುತ್ತಿಗೆ ನಮ್ಮ ಕಣ್ಣಿಗೆ ಸುಮಾರು 27 ದಿನ. ಬುಧ ಹಾಗಲ್ಲ. ಶಾಯಿಯ ತೊಟ್ಟಿನ ಹಾಗೆ ಅಚ್ಚ ಕಪ್ಪು, ದುಂಡಗೆ, ನಾಲ್ಕೂವರೆ ತಾಸಿನಲ್ಲಿ ದಾಟಿ ಹೋಗಿಬಿಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಬುಧ ಸಂಕ್ರಮಣ ಸಪ್ಪೆ. ನಾನು ಶುಕ್ರನನ್ನು ನೋಡಿದವಳು. 2004ರ ಜೂನ್ 8, ನನಗೆ ಹದಿಮೂರು, ಶಾಲೆ ಇನ್ನೂ ತೆರೆದಿರಲಿಲ್ಲ. ಇದೇ ಟೆರೇಸು, ಇದೇ ದುರ್ಬೀನು. ಅಂದು ಹಾಳೆ ಸಾಲದೆ ಕಾಕಾ ತಮ್ಮ ಬಿಳಿ ಧೋತರವನ್ನೇ ಹಗ್ಗಕ್ಕೆ ಹರವಿದ್ದರು. ಮೋಡ ಬರುವುದು, ಹೋಗುವುದು. ಬಿಸಿಲು ಬಿದ್ದಾಗ ಧೋತರದ ಮೇಲೆ ಬೆಳ್ಳಗಿನ ಸೂರ್ಯ, ಅದರೊಳಗೆ ಕಪ್ಪು ಗುಂಡು. ಗಾಳಿಗೆ ಧೋತರ ಅಲುಗಿದರೆ ಸೂರ್ಯನೂ ಮಡಚಿಕೊಳ್ಳುವುದು, ಶುಕ್ರ ಮಡಿಕೆಯೊಳಗೆ ಹೋಗಿ ಮತ್ತೆ ಹೊರಗೆ ಬರುವುದು. ಕಟ್ಟಡದ ಅರ್ಧ ಜನ ಮೇಲೆ ಬಂದಿದ್ದರು, ಯಾರೂ ದರಪಟ್ಟಿ ತೋರಿಸಲಿಲ್ಲ. 1882ರ ನಂತರ ಅದೇ ಮೊದಲು. ಅಂದರೆ ಅಂದು ಬದುಕಿದ್ದ ಯಾರೂ ಅದನ್ನು ಮುಂಚೆ ನೋಡಿರಲಿಲ್ಲ ಎಂದು ಕಾಕಾ ಹೇಳಿದಾಗ, ಎದುರು ಮನೆಯ ಅಜ್ಜಿ ಕೈಮುಗಿದಿದ್ದರು.

ಎಂಟು ವರ್ಷಕ್ಕೆ ಜೋಡಿ ಸಂಕ್ರಮಣ, 2012ರ ಜೂನ್ 6. ಬೆಳಿಗ್ಗೆ ಸೂರ್ಯ ಹುಟ್ಟುವಾಗಲೇ ಶುಕ್ರ ಒಳಗಿದ್ದ, 10 ಗಂಟೆ 20ರ ಹೊತ್ತಿಗೆ ಮುಗಿಯಿತು. ನಾನು ಆಗ ಲೋಕಲ್‌ನಲ್ಲಿ ನೇತಾಡುತ್ತಿದ್ದೆ. ಮೇಲೆ ಮೋಡ ಎಂದು ಸಮಾಧಾನ ಮಾಡಿಕೊಂಡೆ, ಹತ್ತು ನಿಮಿಷ ಮೋಡ ಸರಿದಿತ್ತೆಂದು ಕಾಕಾ ಸಂಜೆ ಹೇಳಿದರು. ಮುಂದಿನದು 2117ರಲ್ಲಿ. ಆ ಹತ್ತು ನಿಮಿಷ ನನ್ನನ್ನು ಈಗಲೂ ಚುಚ್ಚುತ್ತದೆ.

ಇವಳು ಅಣ್ಣನ ಮಗಳು, ಬೆಳಗಿನ ಪಾಳಿಯ ಶಾಲೆ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಾಳೆ. ಸಂಕ್ರಮಣ ಎಂಬ ಶಬ್ದ ಕೇಳಿದ್ದೇ, "ಅತ್ತೆ, ಎಳ್ಳುಬೆಲ್ಲ ಎಲ್ಲಿ?" ಎಂದಳು. ತಪ್ಪಿಲ್ಲ, ಅವಳಿಗೆ ಗೊತ್ತಿರುವುದು ಮಕರ ಸಂಕ್ರಮಣ ಒಂದೇ. ಕಾಕು ಇವಳಿಗಾಗಿಯೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದಿದ್ದಾರೆ, ಜೊತೆಗೆ ಎಣ್ಣೆಗಾಯಿ. ಕ್ಯಾಮೆರಾವನ್ನು ಸ್ವಲ್ಪ ರೊಟ್ಟಿಯ ಹತ್ತಿರ ಒಯ್ಯುತ್ತೇನೆ. ಇದು ಅಡ್ಡಗಲ ಇಪ್ಪತ್ತು ಸೆಂಟಿಮೀಟರ್ ಇರಬಹುದು. ಇದೇ ಸೂರ್ಯ ಎಂದುಕೊಳ್ಳಿ. ಶುಕ್ರ ಎಂದರೆ ಇದರ ಮೇಲೆ ಒಂದು ದಪ್ಪ ಕಾಳುಮೆಣಸು. ಬುಧ? ಎಳ್ಳೂ ಅಲ್ಲ, ಎಳ್ಳು ದೊಡ್ಡದಾಯಿತು. ಒಂದು ಗಸಗಸೆ. ನವೆಂಬರ್‌ನಲ್ಲಿ ಬರುವ ಬುಧ ಸೂರ್ಯನ ಅಗಲದ 194ನೆಯ ಒಂದು ಪಾಲು. ಸುರಕ್ಷಿತ ಕನ್ನಡಕದಲ್ಲಿ ಶುಕ್ರ ಬರಿಗಣ್ಣಿಗೆ ಕಂಡಿತ್ತು, ಬುಧ ಕಾಣುವುದೇ ಇಲ್ಲ, ದೂರದರ್ಶಕವೋ ದುರ್ಬೀನೋ ಬೇಕು. ಹುಡುಗಿ ಎಳ್ಳನ್ನೆಲ್ಲ ಉಗುರಿನಿಂದ ಕಿತ್ತು ಒಂದೇ ಒಂದನ್ನು ಬಿಟ್ಟು ನೋಡುತ್ತಿದ್ದಾಳೆ. ಕಾಕು, ಅವಳನ್ನು ಬೈಯಬೇಡಿ, ನಾನೇ ಹೇಳಿದ್ದು.

ಇಷ್ಟೆಲ್ಲ ಅಪರೂಪ ಏಕೆ ಎಂದು ಅವಳು ಕೇಳಿದ್ದಳು. ಭೂಮಿಯ ದಾರಿ, ಬುಧನ ದಾರಿ, ಶುಕ್ರನ ದಾರಿ ಒಂದೇ ಮಟ್ಟದಲ್ಲಿ ಇಲ್ಲ. ಬುಧನದು ಏಳು ಡಿಗ್ರಿ ಓರೆ, ಶುಕ್ರನದು ಮೂರೂ ಚಿಲ್ಲರೆ. ಹೆಚ್ಚಿನ ಸಲ ಸೂರ್ಯನ ಮೇಲಿನಿಂದಲೋ ಕೆಳಗಿನಿಂದಲೋ ಜಾರಿಹೋಗುತ್ತವೆ. ದಾರಿಗಳು ಕೂಡುವ ಕಡೆ ಸರಿಯಾಗಿ ಸಿಕ್ಕಿದರೆ ಮಾತ್ರ ಸಂಕ್ರಮಣ. ಅದಕ್ಕೇ ಬುಧನದು ಮೇ ಅಥವಾ ನವೆಂಬರ್‌ನಲ್ಲಿ, ಶುಕ್ರನದು ಜೂನ್ ಅಥವಾ ಡಿಸೆಂಬರ್‌ನಲ್ಲಿ. ಬುಧ ನೂರು ವರ್ಷಕ್ಕೆ ಹದಿಮೂರು ಹದಿನಾಲ್ಕು ಸಲ ಬರುತ್ತದೆ. ಹಾಗೆಂದು ಎಲ್ಲವೂ ನಮಗೆ ಕಾಣುವುದಿಲ್ಲ. 2019ರದ್ದು ಸಂಜೆ ಆರು ದಾಟಿದ ಮೇಲೆ ಶುರುವಾಗಿ ಕೈಗೆ ಸಿಗದೆ ಹೋಯಿತು.

ಮಧ್ಯಾಹ್ನ ಎರಡೂವರೆ. ಎಲ್ಲ ಸುಸೂತ್ರ. ಸೂರ್ಯ ದಕ್ಷಿಣ ದಾಟಿ ಇಳಿಯುತ್ತಿದ್ದಾನೆ, ಏನೂ ಅಡ್ಡವಿಲ್ಲ, ಪಾರಿವಾಳಗಳ ಹೊರತು. ಅವಕ್ಕೆ ಸಂಡಿಗೆ ಕಂಡಿದೆ.

ಸುಮ್ಮನೆ ಕುಳಿತಾಗ ಕಾಕಾ ಹೇಳುವ ಕಥೆ ಯಾವಾಗಲೂ ಒಂದೇ, ಲೆ ಜಂತೀಲ್ ಎಂಬ ಫ್ರೆಂಚ್ ಖಗೋಳಜ್ಞನದು. 1761ರ ಶುಕ್ರ ಸಂಕ್ರಮಣ ನೋಡಲು ಪಾಂಡಿಚೇರಿಗೆ ಹೊರಟ. ಊರು ಇಂಗ್ಲಿಷರ ಕೈಗೆ ಹೋಗಿತ್ತು, ಆ ದಿನ ಈತ ಹಡಗಿನಲ್ಲೇ ಉಳಿದ, ಓಲಾಡುವ ಹಡಗಿನಲ್ಲಿ ಅಳತೆ ಸಾಧ್ಯವಾಗಲಿಲ್ಲ. ಎಂಟು ವರ್ಷ ಈ ಕಡೆಯೇ ಕಾದ. 1769ರಲ್ಲಿ ಪಾಂಡಿಚೇರಿಯಲ್ಲೇ ಎಲ್ಲ ಸಜ್ಜು ಮಾಡಿಕೊಂಡು ಕುಳಿತ. ಆ ಬೆಳಿಗ್ಗೆ ಮೋಡ. ಹನ್ನೊಂದು ವರ್ಷದ ಮೇಲೆ ಮನೆಗೆ ಮರಳಿದರೆ ಸತ್ತನೆಂದು ಸಾರಿ ಆಗಿತ್ತು, ಆಸ್ತಿ ಹಂಚಿಕೊಳ್ಳಲು ಬಂಧುಗಳು ಕುಳಿತಿದ್ದರು. ನನ್ನ 2012ರ ಹತ್ತು ನಿಮಿಷದ ಗೋಳು ಶುರುವಾದಾಗಲೆಲ್ಲ ಕಾಕಾ ಈ ಮನುಷ್ಯನನ್ನು ತಂದು ಎದುರಿಗೆ ನಿಲ್ಲಿಸುತ್ತಾರೆ.

ನನಗೆ ಅವನಿಗಿಂತ ಇಷ್ಟ ಮದರಾಸಿನ ಚಿಂತಾಮಣಿ ರಘುನಾಥಾಚಾರ್ಯರು. ಅಲ್ಲಿನ ವೀಕ್ಷಣಾಲಯದಲ್ಲಿ ಕೆಲಸ. 1874ರ ಶುಕ್ರ ಸಂಕ್ರಮಣಕ್ಕೆ ಮುಂಚೆ, ಇದು ಏನು, ಹೇಗೆ ನೋಡಬೇಕು ಎಂದು ಸಾಮಾನ್ಯರಿಗೆ ಅರ್ಥವಾಗುವ ಹಾಗೆ ಸಂಭಾಷಣೆಯ ರೂಪದಲ್ಲಿ ಪುಸ್ತಿಕೆ ಬರೆದರು, ಅದು ಕನ್ನಡಕ್ಕೂ ಬಂದಿತ್ತು. ನಾನು ಮೊಬೈಲ್ ಹಿಡಿದು ಒದರುತ್ತಿರುವುದು ಅದನ್ನೇ, ಅವರು ನನಗಿಂತ ಅಚ್ಚುಕಟ್ಟಾಗಿ ಮಾಡಿದ್ದರು.

ತಡೆಯಿರಿ. ಕಾಕಾ ಕೂಗುತ್ತಿದ್ದಾರೆ.

3 ಗಂಟೆ 42 ನಿಮಿಷ. ಹಾಳೆಯ ಮೇಲಿನ ಸೂರ್ಯನ ಒಂದು ಮಗ್ಗುಲು ಚಪ್ಪಟೆಯಾಗಿದೆ, ನೋಡಿ. ಗ್ರಹಣವಲ್ಲ. ನೇರವಾದ ಗೆರೆ, ಗ್ರಹಣಕ್ಕೆ ನೇರ ಗೆರೆ ಇರುವುದಿಲ್ಲ. ಈಗ ಕ್ಯಾಮೆರಾ ಎತ್ತುತ್ತೇನೆ. ಹಸಿರು ಜಾಲರಿ ಹೊದ್ದು, ಕ್ರೇನ್ ಹೊತ್ತು ನಿಂತಿದೆಯಲ್ಲ, ಅದು. ನೈಋತ್ಯಕ್ಕೆ, ನಮ್ಮಿಂದ ಎರಡು ಕಟ್ಟಡ ಆಚೆ. ಅಲ್ಲಿಯೂ ನಮ್ಮಂಥದ್ದೇ ನಾಲ್ಕು ಮಹಡಿ ಇತ್ತು, ಅದನ್ನು ಕೆಡವಿ ಎಬ್ಬಿಸುತ್ತಿದ್ದಾರೆ. ಹುಡುಗಿ ಎಣಿಸಿದಳು, ಹದಿನೆಂಟು ಆಗಿದೆ, ಇನ್ನೂ ಏಳುತ್ತದೆ. 2016ರ ಮೇ 9ರಂದು ಬುಧ ಬಂದಾಗ ಕಾಕಾ ಇಲ್ಲಿಂದಲೇ ಗುಡ್ಡದ ಆಚೆ ಸೂರ್ಯ ಮುಳುಗುವವರೆಗೆ ನೋಡಿದ್ದರು. ನಾನು ಆಗಲೂ ಕಚೇರಿಯಲ್ಲಿದ್ದೆ, ಫೋನ್ ಮಾಡಿ "ಗಸಗಸೆ ಬಂತು" ಎಂದಷ್ಟೇ ಹೇಳಿ ಇಟ್ಟಿದ್ದರು.

ಅಂದರೆ 2032ರ ಸಂಕ್ರಮಣದ ಕೊನೆಯ ಐವತ್ತೈದು ನಿಮಿಷ ಹೋಯಿತು. ಹೋದದ್ದು ಸಾಮಾನ್ಯ ಐವತ್ತೈದು ನಿಮಿಷವಲ್ಲ. ಚುಕ್ಕೆ ಸೂರ್ಯನ ಅಂಚನ್ನು ಒಳಗಿನಿಂದ ಮುಟ್ಟುವ ಕ್ಷಣವೇ ಇಡೀ ಆಟದ ಜೀವ. ಇಂಗ್ಲಿಷ್ ಖಗೋಳಜ್ಞ ಹ್ಯಾಲಿ ಹೇಳಿಕೊಟ್ಟ ಲೆಕ್ಕ ನಿಂತದ್ದೇ ಅಂಥ ಕ್ಷಣಗಳ ಮೇಲೆ, ಭೂಮಿಯ ಬೇರೆ ಬೇರೆ ಊರುಗಳಿಂದ ಆ ಹೊತ್ತನ್ನು ಗುರುತಿಸಿ ಸೂರ್ಯನ ದೂರ ಅಳೆಯಬಹುದು ಎಂದು. ಹಾಗೆ ಮುಟ್ಟುವಾಗ ಚುಕ್ಕೆ ಥಟ್ಟನೆ ಅಂಟುವುದಿಲ್ಲ, ಎಣ್ಣೆಯ ಹನಿಯಂತೆ ಕಪ್ಪಗೆ ಎಳೆದುಕೊಳ್ಳುತ್ತದೆ, ಹದಿನೆಂಟನೆಯ ಶತಮಾನದವರ ಗಡಿಯಾರಗಳೆಲ್ಲ ತಾಳೆಯಾಗದೆ ಹೋದದ್ದು ಅದರಿಂದಲೇ. 2004ರಲ್ಲಿ ಸಂಜೆ ಧೋತರದ ಮೇಲೆ ನಾನು ಅದನ್ನು ನೋಡಿದೆ ಅನ್ನಿಸುತ್ತದೆ. ಇವಳಿಗೆ ತೋರಿಸಬೇಕು ಎಂದಿದ್ದೆ.

ಸಪ್ಪೆ ಎಂದೆನಲ್ಲ, ಆ ಮಾತು ವಾಪಸ್. ಇವಳು ಹುಟ್ಟಿದ್ದು 2012ರ ಆಚೆಗೆ, ಇವಳ ಪಾಲಿಗೆ ಕಾಳುಮೆಣಸು ಇಲ್ಲವೇ ಇಲ್ಲ, ಗಸಗಸೆಯೇ ಗತಿ. ಅದೂ ಕಟ್ಟಡದ ಹಿಂದೆ ಹೋದರೆ ಹೇಗೆ?

ಕಾಕಾ ಸೀಮೆಸುಣ್ಣದಿಂದ ಕಟ್ಟೆಯ ಮೇಲೆ 3-42 ಎಂದು ಬರೆದು ಅಡ್ಡಗೆರೆ ಎಳೆದರು. ಆಮೇಲೆ ಅವರಿಗೇ ನಗು ಬಂತು. ಕೆಡವಿ ಹೊಸದಾಗಿ ಕಟ್ಟುವ ಪಟ್ಟಿಯಲ್ಲಿ ನಮ್ಮ ಕಟ್ಟಡವೂ ಇದೆಯಲ್ಲ. ಕಾಗದಕ್ಕೆ ಅರ್ಧಕ್ಕಿಂತ ಹೆಚ್ಚು ಜನರ ಸಹಿ ಬಿದ್ದಾಗಿದೆ, ಕಾಕಾ ಅವರದೂ ಬಿದ್ದಿದೆ, ಮೊಣಕಾಲಿಗೆ ಲಿಫ್ಟ್ ಬೇಕು. 2032ಕ್ಕೆ ಈ ಕಟ್ಟೆಯೇ ಇರುವುದಿಲ್ಲ. ನಾವು ಯಾವ ಊರಿನ ಬಾಡಿಗೆ ಮನೆಯಲ್ಲಿ ಇರುತ್ತೇವೋ.

"ಅಜ್ಜಾ, ಹೊಸ ಕಟ್ಟಡ ಅದಕ್ಕಿಂತ ಎತ್ತರ ಆದರೆ?" ಎಂದು ಹುಡುಗಿ ಕೇಳಿದಳು. ಕಾಕಾ ಕ್ರೇನಿನ ಕಡೆ ನೋಡಿ ಬೆರಳು ಮಡಚಿ ಎಣಿಸತೊಡಗಿದರು. ನಮ್ಮದು ಇಪ್ಪತ್ತೆರಡು ಮಹಡಿ ಎಂದು ಬಿಲ್ಡರ್ ಹೇಳಿದ್ದಾನೆ. ನಮಗೆ ಅದರ ಟೆರೇಸು ಸಿಕ್ಕರೆ ಸಂಜೆಯವರೆಗೆ ಕಾಣಬಹುದು. ಆ ಟೆರೇಸಿನ ದರ ಎಷ್ಟು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಐದಕ್ಕೆ ಹತ್ತು ನಿಮಿಷ. ಬ್ಯಾಟರಿ ಕೆಂಪಾಗಿದೆ. ಇಳಿಯುತ್ತಿದ್ದೇವೆ, ಮೆಟ್ಟಿಲು ಕತ್ತಲೆ, ಮಾತು ಮಾತ್ರ ಕೇಳಿಸಿಕೊಳ್ಳಿ. ಎರಡನೆಯ ಮಹಡಿಯಲ್ಲಿ ಸೆಕ್ರೆಟರಿ ಸಾಹೇಬರು ಬಾಗಿಲಲ್ಲೇ ನಿಂತಿದ್ದಾರೆ, ಕೀಲಿ ತೆಗೆದುಕೊಂಡರು, ಪರಾತದೊಳಗೆ ಇಣುಕಿದರು. ಅರ್ಧ ಪಾರಿವಾಳಕ್ಕೆ ಹೋಗಿದೆ.

"ಒಣಗಿತೇ?" ಎಂದು ಕೇಳಿದರು.

"ಇಲ್ಲ ಸಾಹೇಬರೇ," ಎಂದರು ಕಾಕು, "ಮೂರೂಮುಕ್ಕಾಲಿಗೇ ನೆರಳು ಬಂತು. ನಾಳೆ ಮತ್ತೆ ಕೀಲಿ ಬೇಕು."