ಚಿತ್ರ ನಿಂತಿದೆ, ಹಾವು ಸುತ್ತುತ್ತಿದೆ

[ಪರದೆ: ಸುರುಳಿ ಸುತ್ತಿದ ಹಾವುಗಳಂಥ ಬಣ್ಣದ ವೃತ್ತಗಳು. ಹಿನ್ನೆಲೆ ಸಂಗೀತ ಬೇಡ.]

ಈ ವಿಡಿಯೋವನ್ನು ಇಲ್ಲೇ ನಿಲ್ಲಿಸಿ ನೋಡಿ. ವೃತ್ತಗಳು ಇನ್ನೂ ತಿರುಗುತ್ತಿವೆಯೇ? ಹಾಗಾದರೆ ಇದು ನಮ್ಮ ಸಂಕಲನಕಾರರ ಕೈಚಳಕವಲ್ಲ. ಇದೊಂದು ಸ್ಥಿರಚಿತ್ರ. ಜಪಾನಿನ ರಿತ್ಸುಮೈಕಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅಕಿಯೋಶಿ ಕಿತಾವೋಕಾ 2003ರಲ್ಲಿ ರಚಿಸಿದ ‘ತಿರುಗುವ ಹಾವುಗಳು’. ಕೆಲವರಿಗೆ ಇದು ತಿರುಗುವುದೇ ಇಲ್ಲ. ನೀವು ಆ ಗುಂಪಿನವರಾದರೆ ಗಾಬರಿ ಬೇಡ.

ಈಗ ಒಂದೇ ವೃತ್ತದ ನಡುವೆ ದೃಷ್ಟಿ ನೆಡಿ. ಅದು ನಿಂತುಬಿಡುತ್ತದೆ, ಅಕ್ಕಪಕ್ಕದವು ಸುತ್ತುತ್ತಲೇ ಇರುತ್ತವೆ. ಅವುಗಳತ್ತ ಹೊರಳಿದಿರೋ, ಅವೂ ಸ್ತಬ್ಧ. ಕಡೆಗಣ್ಣಿಗಷ್ಟೇ ಒಲಿಯುವ ಚಲನೆ ಇದು.

[ಪರದೆ: ಒಂದು ಪಟ್ಟಿಯನ್ನು ಹಿಗ್ಗಿಸಿ ತೋರಿಸಿ. ಕಪ್ಪು, ನೀಲಿ, ಬಿಳಿ, ಹಳದಿ.]

ಗುಟ್ಟಿರುವುದು ಈ ಸರದಿಯಲ್ಲಿ. ಸರದಿಯನ್ನು ತಿರುವಿಹಾಕಿದರೆ ಹಾವೂ ಹಿಂದಕ್ಕೆ ಸುತ್ತುತ್ತದೆ. ಬಣ್ಣ ತೆಗೆದು ಬೂದುಛಾಯೆಗೆ ಇಳಿಸಿದರೂ ಆಟ ನಿಲ್ಲುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಬಣ್ಣಕ್ಕಿಂತ ಹೆಚ್ಚಾಗಿ ಹೊಳಪು.

ಮಿದುಳಿನಲ್ಲಿ ಚಲನೆಯನ್ನು ಗುರುತಿಸುವ ನರಕೋಶಗಳಿಗೆ ಸಿಗುವ ಸಾಕ್ಷ್ಯ ಬಹಳ ಕಡಿಮೆ: ಈ ಜಾಗದಿಂದ ಸಂಕೇತ ಮೊದಲು ಬಂತು, ಪಕ್ಕದ ಜಾಗದಿಂದ ಆಮೇಲೆ ಬಂತು. ಅಷ್ಟರಿಂದಲೇ ಅವು ‘ಏನೋ ಇಲ್ಲಿಂದ ಅಲ್ಲಿಗೆ ಸರಿಯಿತು’ ಎಂದು ತೀರ್ಮಾನಿಸಬೇಕು. 2005ರಲ್ಲಿ ಬೆವಿಲ್ ಕಾನ್‌ವೇ ಮತ್ತು ಸಂಗಡಿಗರು ಮಕಾಕ್ ಕೋತಿಗಳ ನರಕೋಶಗಳನ್ನು ಪರೀಕ್ಷಿಸಿದಾಗ, ಹಿನ್ನೆಲೆಯಿಂದ ಎದ್ದು ಕಾಣುವ ಕಪ್ಪು–ಬಿಳುಪಿಗೆ ಅವು ಬೇಗ, ನಡುವಿನ ಛಾಯೆಗಳಿಗೆ ತುಸು ತಡವಾಗಿ ಸ್ಪಂದಿಸಿದವು. ಹಾಗಾಗಿ ಕಪ್ಪಿನಿಂದ ನೀಲಿಯತ್ತ, ಬಿಳಿಯಿಂದ ಹಳದಿಯತ್ತ ಏನೋ ಜರುಗಿದಂತೆ ದಾಖಲಾಗುತ್ತದೆ. ಮಿದುಳು ಮೋಸಹೋಯಿತು ಎನ್ನುವುದು ಸೋಮಾರಿ ಮಾತು ಎಂದು ನನಗನ್ನಿಸುತ್ತದೆ. ನಿಜವಾದ ಚಲನೆಯಿಂದಲೂ ಅದಕ್ಕೆ ಇಂಥದ್ದೇ ಸಂಕೇತ ಬರುತ್ತದೆ.

ಆದರೆ ಒಮ್ಮೆ ಜರುಗಿ ಸುಮ್ಮನಾಗಬೇಕಿತ್ತಲ್ಲ?

[ಪರದೆ: ನೆಟ್ಟ ನೋಟದಲ್ಲೂ ಅದುರುವ ಕಣ್ಣಿನ ಜಾಡು.]

ಸುಮ್ಮನಾಗಲು ಕಣ್ಣು ಬಿಡುವುದಿಲ್ಲ. ದೃಷ್ಟಿ ನೆಟ್ಟಿದ್ದೇವೆ ಎಂದುಕೊಂಡಾಗಲೂ ಅದು ನಿಧಾನವಾಗಿ ಜಾರುತ್ತದೆ, ನಡುನಡುವೆ ಚಿಕ್ಕದಾಗಿ ಜಿಗಿಯುತ್ತದೆ. ಚಲನೆಗೆ ಕಾರಣ ಆ ಜಾರಾಟವೆಂದು 2006ರಲ್ಲಿ ಇಕುಯಾ ಮುರಾಕಾಮಿ ತಂಡ ಹೇಳಿತು. ಅಲ್ಲ, ಜಿಗಿತ ಮತ್ತು ರೆಪ್ಪೆಯ ಮಿಟುಕು ಎಂದು 2012ರಲ್ಲಿ ಅಮೆರಿಕದ ಫೀನಿಕ್ಸ್‌ನ ಸಂಶೋಧಕರು ವಾದಿಸಿದರು. ಪ್ರತಿ ಮಿಟುಕಿಗೂ ಚಿತ್ರ ಕಣ್ಣಿಗೆ ಹೊಸದಾಗಿ ಬೀಳುತ್ತದೆ, ಆ ಬೇಗ–ತಡದ ಓಟ ಮತ್ತೆ ಶುರುವಾಗುತ್ತದೆ.

ವಿವಾದ ಇಲ್ಲಿಗೆ ಮುಗಿದಿಲ್ಲ. 2018ರಲ್ಲಿ ಜಪಾನಿನ ಸಂಶೋಧಕರು, ವಿಡಿಯೋದ ಮುಂದಿನ ದೃಶ್ಯವನ್ನು ಊಹಿಸಲು ಕಲಿತ ಕಂಪ್ಯೂಟರ್ ಜಾಲವೊಂದಕ್ಕೆ ಇದೇ ಚಿತ್ರ ಕೊಟ್ಟರು. ಆ ಜಾಲಕ್ಕೆ ಮಿಟುಕಿಸಲು ರೆಪ್ಪೆಯೇ ಇಲ್ಲ. ಹಾವು ಸುತ್ತುತ್ತದೆ ಎಂದು ಅದೂ ಊಹಿಸಿತು.